ಸೈಟಲ್ಲಿ ಎಲ್ಲಕ್ಕಿಂತ ದುಬಾರಿ ಮಾತು ‘ಆಯ್ತು ಸಾರ್’

(ಹೋದ ತಿಂಗಳು ಹಾಸನದಲ್ಲಿ ಸಣ್ಣ ಕಂಟ್ರಾಕ್ಟರ್‌ಗಳು, ಸೈಟ್ ಇಂಜಿನಿಯರ್‌ಗಳು, ಒಂದಷ್ಟು ಮೇಸ್ತ್ರಿಗಳು ಸೇರಿದ್ದ ಕಡೆ ಮಾತಾಡಿದ್ದು. ಬರೆದು ಕೊಡಿ ಅಂತ ಕೆಲವರು ಕೇಳಿದ್ರು, ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಮೈಕ್ ಕೈಕೊಟ್ಟ ಎರಡು ಮೂರು ನಿಮಿಷ ಮಾತ್ರ ನೆನಪಿಂದ ತುಂಬಿದೀನಿ, ಉಳಿದಿದ್ದು ಬಾಯಲ್ಲಿ ಬಂದ ಹಾಗೇ ಇದೆ.)

ಎಲ್ರಿಗೂ ನಮಸ್ಕಾರ. ಬ್ಯಾನರ್ ಮೇಲೆ ಲೀನ್ ಅಂತ ನೋಡಿ ಹಿಂದಿನ ಸಾಲಲ್ಲಿ ಯಾರೋ ‘ಓ, ಆಳು ಕಮ್ಮಿ ಮಾಡೋ ಸ್ಕೀಮು’ ಅಂದ್ರು, ನಂಗೆ ಕೇಳಿಸ್ತು. ಹಂಗನ್ನಿಸೋದು ಸಹಜಾನೇ, ಹೆಸರೇ ಹಂಗಿದೆ, ಲೀನ್ ಅಂದ್ರೆ ಸಣಕಲು. ಈ ಹೆಸರು ಜಪಾನಿನವರು ಇಟ್ಟಿದ್ದೂ ಅಲ್ಲ, 1988ರಲ್ಲಿ ಜಾನ್ ಕ್ರಾಫ್ಚಿಕ್ ಅನ್ನೋ ಅಮೆರಿಕದವರು ಟೊಯೋಟಾ ಕಾರ್ ಕಂಪನಿ ವೇಸ್ಟ್ ಕಮ್ಮಿ ಮಾಡ್ಕೊಂಡು ಕೆಲಸ ಮಾಡೋ ರೀತಿ ಬಗ್ಗೆ ಬರೀತಾ ಇಟ್ಟಿದ್ದು, ಅದೇ ಅಂಟ್ಕೊಂಡ್ಬಿಡ್ತು. ನನ್ನ ಕೇಳಿದ್ರೆ ಬಿಲ್ಡಿಂಗ್ ಕೆಲಸದ ಮಟ್ಟಿಗೆ ಇದಕ್ಕೆ ‘ಹೇಳಿದ ದಿನ ಹೇಳಿದ ಕೆಲಸ’ ಅಂತ ಇಟ್ರೆ ಸಾಕಿತ್ತು.

ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅಂತ ನಮ್ಮ ಗಾದೆ ಎರಡನ್ನೂ ಒಂದೇ ತಕ್ಕಡೀಲಿ ಇಟ್ಟಿದೆ, ಆ ಗಾದೆ ಮೇಲೆ ನಂದೊಂದು ತಕರಾರಿದೆ. ಮದುವೆ ನಾವು ಟೈಮಿಗೆ ಸರಿಯಾಗಿ ಮಾಡ್ತೀವಿ ಸ್ವಾಮಿ! ಮುಹೂರ್ತ 10.20 ಅಂದ್ರೆ 10.20ಕ್ಕೆ ತಾಳಿ ಬೀಳುತ್ತೆ, ಮೂರು ತಿಂಗಳು ಮುಂದಕ್ಕೆ ಹೋಯ್ತು, ಸಾರಿ, ಲೇಬರ್ ಪ್ರಾಬ್ಲಮ್ ಅಂತ ಯಾರೂ ಹೇಳಲ್ಲ. ಹೆಂಗಾಗುತ್ತೆ ಇದು? ಅಡುಗೆ ಭಟ್ರನ್ನ ನೆನಪು ಮಾಡ್ಕೊಳಿ. ತಿಂಗಳು ಮುಂಚೆ ಬಂದು ಜಗಲಿ ಮೇಲೆ ಕೂತು ಎಷ್ಟು ಎಲೆ, ಮೊದಲ ಪಂಕ್ತಿ ಎಷ್ಟು ಗಂಟೆಗೆ ಅಂತ ಕೇಳ್ತಾರೆ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕ್ಕೊಂಡು ಬರ್ತಾರೆ. ಹನ್ನೆರಡೂವರೆಗೆ ಎಲೆ ಹಾಕ್ಬೇಕು ಅಂದ್ರೆ ಹನ್ನೊಂದಕ್ಕೆ ಸಾರು ಇಳೀಬೇಕು, ಹಂಗಾದ್ರೆ ಬೆಳಗ್ಗೆ ಐದಕ್ಕೆ ಒಲೆ ಹಚ್ಬೇಕು, ತರಕಾರಿ ಹಿಂದಿನ ರಾತ್ರೀನೇ ಹೆಚ್ಚಿರಬೇಕು, ಹೆಚ್ಚೋಕೆ ಆರು ಜನ ಬೇಕು, ನಲ್ಲಿ ಒಲೆ ಹತ್ರಾನೇ ಇರಬೇಕು. ಇದಿಷ್ಟು ಇಲ್ಲ ಅಂದ್ರೆ ‘ಆಗಲ್ಲ ಸ್ವಾಮಿ, ಬೇರೆಯವರನ್ನ ನೋಡ್ಕೊಳಿ’ ಅಂತ ಮುಖಕ್ಕೆ ಹೇಳ್ತಾರೆ. ನಾವು ಸಿಟ್ಟಾಗ್ತೀವಾ? ಇಲ್ಲ, ನಲ್ಲಿ ಹಾಕಿಸ್ತೀವಿ.

ಲೀನ್ ಕನ್‌ಸ್ಟ್ರಕ್ಷನ್ ಅಂತ ಅಮೆರಿಕದಲ್ಲಿ ದೊಡ್ಡ ದೊಡ್ಡ ಟ್ರೇನಿಂಗ್ ಕೊಡ್ತಾರಲ್ಲ, ಅದರಲ್ಲಿ ಅರ್ಧ ನಮ್ಮ ಅಡುಗೆ ಭಟ್ರೇ. ಕೊನೇ ದಿನದಿಂದ ಹಿಂದಕ್ಕೆ ಪ್ಲಾನ್ ಮಾಡೋದಕ್ಕೆ ಅವರು ಪುಲ್ ಪ್ಲಾನಿಂಗ್ ಅಂತಾರೆ. ಕೆಲಸ ಮಾಡೋ ಮನುಷ್ಯನೇ ಕೆಲಸದ ಪ್ಲಾನ್ ಹೇಳೋದಕ್ಕೆ ಲಾಸ್ಟ್ ಪ್ಲಾನರ್ ಅಂತಾರೆ. ಗ್ಲೆನ್ ಬ್ಯಾಲರ್ಡ್ ಅಂತ ಒಬ್ಬರು, ಗ್ರೆಗ್ ಹೊವೆಲ್ ಅಂತ ಇನ್ನೊಬ್ಬರು, ಇಬ್ಬರೂ ಸೇರಿ ಇದನ್ನ ರೂಪಿಸಿದ್ದು, 1997ರಲ್ಲಿ ಲೀನ್ ಕನ್‌ಸ್ಟ್ರಕ್ಷನ್ ಇನ್‌ಸ್ಟಿಟ್ಯೂಟ್ ಶುರು ಮಾಡಿದವರೂ ಅವರೇ. ಲಾಸ್ಟ್ ಪ್ಲಾನರ್ ಅಂದ್ರೆ ಕೊನೇ ಪ್ಲಾನರ್. ಹೆಡ್ ಆಫೀಸಲ್ಲಿ ಒಬ್ಬ ಪ್ಲಾನ್ ಮಾಡ್ತಾನೆ, ಸೈಟ್ ಆಫೀಸಲ್ಲಿ ಒಬ್ಬ ಮಾಡ್ತಾನೆ, ಆದ್ರೆ ನಾಳೆ ಬೆಳಗ್ಗೆ ಯಾವ ಆಳು ಯಾವ ಗೋಡೆ ಹತ್ರ ನಿಲ್ಲಬೇಕು ಅಂತ ತೀರ್ಮಾನ ಮಾಡೋನು ಮೇಸ್ತ್ರಿ. ಅವನಾದ ಮೇಲೆ ಪ್ಲಾನ್ ಮಾಡೋರು ಯಾರೂ ಇಲ್ಲ, ಬರೀ ಕೆಲಸ. ಆ ಕೊನೇ ಮನುಷ್ಯನನ್ನ ಬಿಟ್ಟು ಪ್ಲಾನ್ ಮಾಡಿದ್ರೆ ಅದು ಪ್ಲಾನಲ್ಲ, ಆಸೆ.

ಈ ಇಬ್ಬರೂ ತೊಂಬತ್ತರ ದಶಕದಲ್ಲಿ ಸೈಟ್‌ಗಳಿಗೆ ಹೋಗಿ ಒಂದು ಸುಲಭದ ಲೆಕ್ಕ ಹಾಕಿದ್ರು. ಈ ವಾರ ಇಷ್ಟು ಕೆಲಸ ಮುಗಿಸ್ತೀವಿ ಅಂತ ಬರೆದಿದ್ದರಲ್ಲಿ ವಾರದ ಕೊನೆಗೆ ಪೂರ್ತಿ ಮುಗಿದಿದ್ದು ಎಷ್ಟು ಅಂತ. ನೂರಕ್ಕೆ 54ರ ಆಸುಪಾಸು ಬಂತು. ಒಳ್ಳೊಳ್ಳೆ ಕಂಪನಿಗಳಲ್ಲೇ. ಅಂದ್ರೆ ನಾಣ್ಯ ಚಿಮ್ಮಿ ಹೇಳಿದ್ರೂ ಹೆಚ್ಚೂಕಮ್ಮಿ ಅಷ್ಟೇ ಆಗ್ತಿತ್ತು. ನಮ್ಮ ಕಡೆ ಇದನ್ನ ಕೇಳಿ ಯಾರಿಗೂ ಆಶ್ಚರ್ಯ ಆಗಲ್ಲ, ನಮ್ಮ ಊರುಗಳಲ್ಲಿ ದೆವ್ವ ಬರ್ದೆ ಇರ್ಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರಲ್ಲ, ಸೈಟಲ್ಲಿ ಅದನ್ನ ಬರೆಯೋದೂ ಬೇಡ, ಎಲ್ರ ಬಾಯಲ್ಲೂ ಇರುತ್ತೆ. ಯಾವಾಗ ಮುಗಿಯುತ್ತೆ ಮೇಸ್ತ್ರಿ? ನಾಳೆ ಸಾರ್. ಗುರುವಾರ ಸ್ಲ್ಯಾಬ್ ಹಾಕಣ್ವಾ? ಆಯ್ತು ಸಾರ್. ಅವನಿಗೂ ಗೊತ್ತು ಆಗಲ್ಲ ಅಂತ, ನಂಗೂ ಗೊತ್ತು, ಆದ್ರೂ ನಾನು ಡೈರಿಲಿ ಗುರುವಾರ ಅಂತ ಬರ್ಕೊಂಡು ಹೋಗ್ತೀನಿ, ಯಾಕಂದ್ರೆ ನನ್ನ ಮೇಲಿನವರಿಗೆ ನಾನೂ ‘ಆಯ್ತು ಸಾರ್’ ಅಂದಾಗಿರುತ್ತೆ.

ಒಂದು ಘಟನೆ ಹೇಳ್ತೀನಿ. ಬೆಂಗಳೂರಿನ ಹೊರವಲಯ, ಅಪಾರ್ಟ್‌ಮೆಂಟ್ ಕೆಲಸ, ಕಂಪನಿ ಹೆಸರು ಬೇಡ. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಎಲ್ಲೋ ಮೂರು ದಿನ ಟ್ರೇನಿಂಗ್ ಹೋಗಿ ಬಂದು, ಸೋಮವಾರ ಬೆಳಗ್ಗೆ ಸೈಟ್ ಆಫೀಸಿನ ತಗಡಿನ ಗೋಡೆಗೆ ದೊಡ್ಡ ಬಿಳಿ ಹಾಳೆ ಅಂಟಿಸಿದ್ರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಚೀಟಿ, ಕಂಬಿಯವರಿಗೆ ಹಳದಿ, ಕಾಂಕ್ರೀಟಿಗೆ ಅಚ್ಚು ಕಟ್ಟೋ ಸೆಂಟ್ರಿಂಗ್‌ನವರಿಗೆ ನೀಲಿ, ಎಲೆಕ್ಟ್ರಿಕ್‌ನವರಿಗೆ ಗುಲಾಬಿ, ಪ್ಲಂಬಿಂಗ್‌ಗೆ ಹಸಿರು. ಎಲ್ಲಾ ಇಂಗ್ಲಿಷಲ್ಲಿ. ಮೊದಲ ವಾರ ಒಬ್ಬ ಮೇಸ್ತ್ರೀನೂ ಗೋಡೆ ಹತ್ರ ಸುಳೀಲಿಲ್ಲ, ನಾವು ಇಂಜಿನಿಯರ್‌ಗಳೇ ಚೀಟಿ ಬರೆದು ನಾವೇ ಅಂಟಿಸಿ ಫೋಟೋ ತೆಗೆದು ವಾಟ್ಸಾಪಲ್ಲಿ ಹಾಕಿದ್ವಿ. ಆ ವಾರ ಬರೆದಿದ್ದು ಹದಿನೆಂಟು ಕೆಲಸ, ಆಗಿದ್ದು ಎಂಟು. ಎರಡನೇ ವಾರ ಕನ್ನಡ, ಹಿಂದಿ ಯಾವುದಾದ್ರೂ ಬರೀರಿ ಅಂದ್ವಿ, ಪ್ಲಂಬಿಂಗ್ ಹುಡುಗ ಬಂಗಾಳದವನು, ಅವನು ಬರೀಲೂ ಇಲ್ಲ, ಪೈಪಿನ ಚಿತ್ರ ಬಿಡಿಸಿ ಪಕ್ಕದಲ್ಲಿ ಮೂರು ಗೆರೆ ಎಳೆದ, ಮೂರು ದಿನ ಅಂತ. ಅದೇ ಇಡೀ ಗೋಡೇಲಿ ಎಲ್ಲಕ್ಕಿಂತ ಸ್ಪಷ್ಟವಾಗಿದ್ದ ಚೀಟಿ.

ಮೂರನೇ ಸೋಮವಾರ. ಮ್ಯಾನೇಜರ್ ಕೇಳಿದ್ರು, ಶುಕ್ರವಾರ ಐದನೇ ಫ್ಲೋರ್ ಸ್ಲ್ಯಾಬು, ಎಲ್ರೂ ಓಕೆ ತಾನೇ? ಆಯ್ತು ಸಾರ್, ಆಯ್ತು ಸಾರ್, ಹೋ ಜಾಯೇಗಾ ಸಾರ್. ಕಂಬಿ ಮೇಸ್ತ್ರಿ ಯಾದಗಿರಿ ಕಡೆಯವರು, ಐವತ್ತರ ಮೇಲೆ ವಯಸ್ಸು, ಹಳದಿ ಚೀಟಿ ಕೈಯಲ್ಲೇ ಇಟ್ಕೊಂಡು ನಿಂತಿದ್ರು, ಅಂಟಿಸಿರಲಿಲ್ಲ. ‘ಆಗಂಗಿಲ್ರೀ ಸರ್’ ಅಂದ್ರು. ಫ್ಯಾನ್ ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ಯಾಕೆ ಆಗಲ್ಲ? ‘ಕೆಳಗಿನ ಕಂಬಿ ಜಾಲಿ ಬುಧವಾರ ಮುಗೀತದ್ರೀ. ಅದರ ಮ್ಯಾಲ ಎಲೆಕ್ಟ್ರಿಕ್ ಪೈಪ್ ಬೀಳದ ನಾ ಮ್ಯಾಲಿನ ಕಂಬಿ ಹೆಂಗ ಕಟ್ಲಿ?’ ಎಲೆಕ್ಟ್ರಿಷಿಯನ್ ಕಡೆ ತಿರುಗಿದ್ವಿ, ಪೈಪ್ ಇದೆ ಸಾರ್ ಸ್ಟೋರಲ್ಲಿ ಅಂದ. ಸ್ಟೋರಿನವನನ್ನ ಕರೆದ್ವಿ, ಪೈಪ್ ಇದೆ, ಫ್ಯಾನ್ ನೇತುಹಾಕೋಕೆ ಸ್ಲ್ಯಾಬ್ ಒಳಗೆ ಇಡೋ ಫ್ಯಾನ್ ಬಾಕ್ಸ್ ಇಲ್ಲ. ಯಾಕಿಲ್ಲ? ಆರ್ಡರ್ ಹೋಗಿಲ್ಲ. ಯಾಕೆ ಹೋಗಿಲ್ಲ? ಸೈನ್ ಆಗಿಲ್ಲ. ಯಾರ ಸೈನು? ಸ್ಟೋರಿನ ಹುಡುಗ ನೆಲ ನೋಡ್ದ. ಮ್ಯಾನೇಜರ್‌ದೇ ಸೈನು, ಒಂಬತ್ತು ದಿನದಿಂದ ಅವರ ಇಮೇಲಲ್ಲೇ ಕೂತಿತ್ತು.

ಆ ಮನುಷ್ಯನ ದೊಡ್ಡತನ, ಸಿಟ್ಟಾಗ್ಲಿಲ್ಲ, ಅಲ್ಲೇ ಫೋನಲ್ಲಿ ಅಪ್ರೂವ್ ಮಾಡಿ, ಸ್ಲ್ಯಾಬ್ ಮುಂದಿನ ಸೋಮವಾರಕ್ಕೆ ಹಾಕಿ, ಕಾಂಕ್ರೀಟ್ ಪ್ಲಾಂಟಿಗೂ ಪಂಪಿನವರಿಗೂ ಆವಾಗ್ಲೇ ಹೇಳಿಸಿದ್ರು. ಮೇಸ್ತ್ರಿ ಆಯ್ತು ಸಾರ್ ಅಂದಿದ್ರೆ ಏನಾಗ್ತಿತ್ತು ಅಂತ ನಿಮಗೆ ನಾನು ಹೇಳ್ಬೇಕಾ? ಶುಕ್ರವಾರ ಬೆಳಗ್ಗೆ ಪಂಪ್ ಬಂದು ನಿಲ್ತಿತ್ತು, ಲೋಡ್ ಆದ ಎರಡು ಗಂಟೆ ಒಳಗೆ ಖಾಲಿ ಆಗ್ಬೇಕಾದ ಮಿಕ್ಸರ್ ಲಾರಿಗಳು ಗೇಟಲ್ಲಿ ಸಾಲಾಗಿ ನಿಲ್ತಿದ್ವು, ಫ್ಯಾನ್ ಬಾಕ್ಸ್ ಆಮೇಲೆ ಹೊಡ್ಕೊಳಣ ಅಂತ ಹಂಗೇ ಸ್ಲ್ಯಾಬ್ ಹಾಕ್ತಿದ್ವಿ, ಮೂರು ತಿಂಗಳಾದ ಮೇಲೆ ಪ್ರತಿ ರೂಮಿನ ತಾರಸಿಗೂ ಕೆಳಗಿಂದ ಡ್ರಿಲ್ ಇಟ್ಟು ಕೊರೀತಿದ್ವಿ. ಎಷ್ಟೋ ಮನೇಲಿ ಹಂಗೇ ಕೊರೆದಿದೀವಿ.

ಇದಕ್ಕೆ ಲಾರಿ ಕೊಸ್ಕೆಲಾ ಅನ್ನೋ ಫಿನ್‌ಲೆಂಡಿನವರು ಒಂದು ಹೆಸರು ಕೊಟ್ಟಿದಾರೆ. (ಲಾರಿ ಅಂದ್ರೆ ಅವರ ಹೆಸರು, ಜಲ್ಲಿ ಲಾರಿ ಅಲ್ಲ.) ಇದ್ದಬದ್ದದ್ದು ಸಾಕು ಅಂತ ಅರ್ಧಂಬರ್ಧ ತಯಾರೀಲಿ ಕೆಲಸ ಶುರು ಮಾಡೋದಿದೆಯಲ್ಲ, ಅದಕ್ಕೆ ‘ಮೇಕಿಂಗ್ ಡೂ’ ಅಂತ ಹೆಸರಿಟ್ಟು, ಅದೂ ಒಂದು ದಂಡ, ಅಂದ್ರೆ ವೇಸ್ಟು, ಅಂತ 2004ರಲ್ಲಿ ಬರೆದ್ರು. ನಮ್ಮಲ್ಲಿ ಅದಕ್ಕೆ ಮೊದಲಿಂದ್ಲೂ ಹೆಸರಿದೆ, ‘ಅಡ್ಜಸ್ಟ್ ಮಾಡ್ಕೊಳಿ’. ಸಾರುವೆ ಒಂದು ಕಡೆ ಇಲ್ಲ, ಅಡ್ಜಸ್ಟ್ ಮಾಡ್ಕೊಳಿ. ಡ್ರಾಯಿಂಗ್ ಬಂದಿಲ್ಲ, ಹಳೇ ಡ್ರಾಯಿಂಗಲ್ಲಿ ಶುರು ಮಾಡಿ, ಅಡ್ಜಸ್ಟ್ ಮಾಡಣ. ಟೊಯೋಟಾದ ತೈಚಿ ಓನೋ ಏಳು ದಂಡಗಳ ಪಟ್ಟಿ ಮಾಡಿದ್ರು, ಬೇಕಾದ್ದಕ್ಕಿಂತ ಜಾಸ್ತಿ ಮಾಡೋದು, ಕಾಯೋದು, ಸುಮ್ನೆ ಸಾಗಿಸೋದು, ಬೇಡದ ಕೆಲಸ, ಬೇಡದ ಸ್ಟಾಕು, ಬೇಡದ ಓಡಾಟ, ತಪ್ಪು ಮಾಡಿ ತಿದ್ದೋದು. ಅಡ್ಜಸ್ಟ್ ಮಾಡ್ಕೊಳೋದು ಎಂಟನೇದು ಅಂತ ಕೊಸ್ಕೆಲಾ ಸೇರಿಸಿದ್ರು. ನನ್ನ ಅನುಭವದಲ್ಲಿ ಸೈಟಲ್ಲಿ ಅದೇ ಒಂದನೇದು, ಮಿಕ್ಕ ಏಳೂ ಅದರ ಮಕ್ಕಳು.

ಕೊಸ್ಕೆಲಾ ಅವರದೇ ಇನ್ನೊಂದು ಲೆಕ್ಕ ನೋಡಿ. ಒಂದು ಕೆಲಸ ಶುರು ಆಗೋಕೆ ಏಳು ಬೇಕು, ಡ್ರಾಯಿಂಗು, ಸಾಮಾನು, ಆಳು, ಮಿಷಿನ್ನು, ನಿಲ್ಲೋಕೆ ಜಾಗ, ಹಿಂದಿನ ಕೆಲಸ ಮುಗಿದಿರೋದು, ಮಳೆ ಪರ್ಮಿಷನ್ ಥರದ ಹೊರಗಿನದ್ದು. ಒಂದೊಂದೂ ರೆಡಿ ಇರೋ ಸಾಧ್ಯತೆ ನೂರಕ್ಕೆ 95 ಅಂತ ಇಟ್ಕೊಳಿ, ಅದು ಭಾರಿ ಒಳ್ಳೆ ಸೈಟು. ಏಳೂ ಒಟ್ಟಿಗೆ ರೆಡಿ ಇರೋ ಸಾಧ್ಯತೆ ಎಷ್ಟು? ಏಳು ಸಲ ಗುಣಿಸಿ, 70ಕ್ಕೆ ಇಳಿಯುತ್ತೆ. ಒಂದೊಂದೂ 90 ಅಂದ್ರೆ ಒಟ್ಟು 48. ಮೇಸ್ತ್ರಿ ಸೋಮಾರಿ, ಲೇಬರ್ ಸರಿ ಇಲ್ಲ ಅಂತ ಬೈತೀವಲ್ಲ, ಆಳುಗಳು ಎಷ್ಟೇ ಚುರುಕಿರ್ಲಿ ಮಿಕ್ಕ ಆರು ಅವರ ಕೈಯಲ್ಲಿಲ್ಲ. ಅದಕ್ಕೇ ಲಾಸ್ಟ್ ಪ್ಲಾನರಲ್ಲಿ ಆರು ವಾರ ಮುಂದೆ ನೋಡ್ತಾರೆ, ಆರು ವಾರಕ್ಕೆ ಬರೋ ಪ್ರತಿ ಕೆಲಸಕ್ಕೂ ಈ ಏಳರಲ್ಲಿ ಯಾವುದು ಅಡ್ಡ ಇದೆ ಅಂತ ಬರೆದು, ಅದನ್ನ ತೆಗೆಯೋರು ಯಾರು, ಯಾವತ್ತಿಗೆ ಅಂತ ಹೆಸರು ಹಾಕ್ತಾರೆ. ಅಡ್ಡ ಎಲ್ಲಾ ತೆಗೆದ ಕೆಲಸ ಮಾತ್ರ ಈ ವಾರದ ಪಟ್ಟಿಗೆ ಬರಬೇಕು. ಪ್ಲಾನ್ ಮಾಡೋದು ಅಂದ್ರೆ ನಂಗೆ ಈಗ ಇಷ್ಟೇ, ಅಡ್ಡ ಹುಡುಕಿ ತೆಗೆಯೋದು. ಬಾರ್ ಚಾರ್ಟ್ ಕಲರ್ ಪ್ರಿಂಟ್ ಹಾಕ್ಸೋದು ಅಲ್ಲ.

ವಾಸ್ತು ಬಗ್ಗೆ ಒಂದು ಮಾತು ಹೇಳ್ಲೇಬೇಕು, ನಗ್ಬೇಡಿ. ನಂಬಿಕೆ ಅವರವರಿಗೆ ಬಿಟ್ಟಿದ್ದು, ಆದ್ರೆ ವಾಸ್ತು ನೋಡೋರನ್ನ ಪಿಲ್ಲರ್ ಮಾರ್ಕಿಂಗಿಗೆ ಮುಂಚೆ ಕರೆಸಿ, ಸ್ಟೇರ್‌ಕೇಸ್ ಕಾಂಕ್ರೀಟ್ ಆದ ಮೇಲೆ ಅಲ್ಲ. ಆಷಾಢಾನೂ ಹಂಗೇ, ಆ ತಿಂಗಳು ಜನ ಪಾಯ ಹಾಕಲ್ಲ ಅನ್ನೋದು ಎಲ್ರಿಗೂ ಗೊತ್ತಿರೋದು, ಯುಗಾದಿಗೆ, ಊರ ಜಾತ್ರೆಗೆ ಆಳು ಹೋಗ್ತಾರೆ ಅನ್ನೋದೂ ಗೊತ್ತಿರೋದೇ. ಪ್ರತಿ ವರ್ಷ ಅದೇ ಟೈಮಿಗೆ ಬರೋದನ್ನ ಪ್ರಾಬ್ಲಮ್ ಅಂತ ರಿಪೋರ್ಟಲ್ಲಿ ಬರೆಯೋರು ನಾವೇ ಇರಬೇಕು.

ಇದೆಲ್ಲಾ ಕಾರ್ ಫ್ಯಾಕ್ಟರೀದು ನಮಗ್ಯಾಕೆ ಅಂತ ಕೇಳ್ತೀರಿ. ಟೊಯೋಟಾ ನಮಗೆ ದೂರದ್ದೇನಲ್ಲ, ಮೈಸೂರು ರಸ್ತೇಲಿ ಬಿಡದೀಲೇ ಇದೆ, 1997ರಲ್ಲಿ ಕಂಪನಿ ಆಯ್ತು, ಕ್ವಾಲಿಸ್ ಅಲ್ಲಿಂದಲೇ ಬಂದಿದ್ದು. ಅವರ ಮೂಲ ಕಾರೂ ಅಲ್ಲ, ಮಗ್ಗ. ಸಾಕಿಚಿ ಟೊಯೋಡಾ ಅನ್ನೋರು ನೂಲು ಹರಿದ ತಕ್ಷಣ ತಾನೇ ನಿಲ್ಲೋ ಮಗ್ಗ ಮಾಡಿದ್ರು, ಹರಿದ ನೂಲಲ್ಲೇ ಹತ್ತು ಗಜ ಸುಮ್ನೆ ನೇಯೋದು ಬೇಡ ಅಂತ. ದೊಡ್ಡಬಳ್ಳಾಪುರದವರಿಗೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಈಗ ನಮ್ಮ ಸೈಟ್ ನೋಡಿ, ಕಾಂಕ್ರೀಟ್ ಗಟ್ಟಿ ಇದೆಯಾ ಅಂತ ನೋಡೋಕೆ ಕ್ಯೂಬ್ ಮಾಡಿಟ್ಟು 28 ದಿನಕ್ಕೆ ಒಡೀತೀವಿ. ಮೈವಾನ್ ಅನ್ನೋ ಅಲ್ಯೂಮಿನಿಯಂ ಶಟರಿಂಗಲ್ಲಿ ವಾರಕ್ಕೊಂದು ಫ್ಲೋರ್ ಏರ್ತಾ ಇದ್ರೆ, ಕಾಂಕ್ರೀಟ್ ಸರಿ ಇಲ್ಲ ಅಂತ ರಿಪೋರ್ಟ್ ಬರೋ ಹೊತ್ತಿಗೆ ಅದರ ಮೇಲೆ ಇನ್ನು ನಾಲ್ಕು ಫ್ಲೋರ್ ಕೂತಿರುತ್ತೆ. ನೂಲು ಹರಿದಿದ್ದು ನಾಲ್ಕು ಸೀರೆ ನೇಯ್ದ ಮೇಲೆ ಗೊತ್ತಾದ ಹಾಗೆ. ಅದಕ್ಕೇ ಹೇಳೋದು, ಲಾರಿ ಬಂದಾಗ ಸ್ಲಂಪ್, ಅಂದ್ರೆ ಕಾಂಕ್ರೀಟ್ ಎಷ್ಟು ತೆಳು ಎಷ್ಟು ಗಟ್ಟಿ ಅಂತ, ನೋಡಿ, ಸರಿ ಇಲ್ಲ ಅಂದ್ರೆ ವಾಪಸ್ ಕಳಿಸೋ ಅಧಿಕಾರ ಅಲ್ಲಿ ನಿಂತಿರೋ ಜೂನಿಯರ್ ಹುಡುಗಂಗೆ ಕೊಡಿ, ಮೇಲಿನವರಿಗೆ ಫೋನ್ ಮಾಡಿ ಕೇಳೋ ಹೊತ್ತಿಗೆ ಅರ್ಧ ಲಾರಿ ಸ್ಲ್ಯಾಬ್ ಮೇಲಿರುತ್ತೆ. ಏಳು ದಿನದ ಕ್ಯೂಬನ್ನ ಸೀರಿಯಸ್ಸಾಗಿ ತಗೊಳಿ.

ಕಾರಿಗೂ ಬಿಲ್ಡಿಂಗಿಗೂ ಇರೋ ದೊಡ್ಡ ವ್ಯತ್ಯಾಸ, ಫ್ಯಾಕ್ಟರೀಲಿ ಜನ ನಿಂತಿರ್ತಾರೆ ಕಾರು ಮುಂದೆ ಹೋಗುತ್ತೆ, ನಮ್ಮಲ್ಲಿ ಬಿಲ್ಡಿಂಗ್ ನಿಂತಿರುತ್ತೆ ಜನ ಅದರೊಳಗೆ ಹರ್ಕೊಂಡು ಹೋಗ್ತಾರೆ. ಕೊಸ್ಕೆಲಾ 1992ರಲ್ಲಿ ಸ್ಟ್ಯಾನ್‌ಫರ್ಡಲ್ಲಿ ಕೂತು ಬರೆದ ವರದೀಲಿ ಹೇಳಿದ್ದು ಇದನ್ನೇ. ಇಟ್ಟಿಗೆ ಸಿಮೆಂಟು ಹಾಕಿದ್ರೆ ಗೋಡೆ ಆಗುತ್ತೆ ಅಂತ ನೀವು ಆಗೋ ಕೆಲಸ ಮಾತ್ರ ಲೆಕ್ಕ ಹಾಕ್ತೀರಿ, ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಸಾಮಾನು ಕಾಯ್ತಾ ಕೂತಿರೋದು, ಹೊತ್ಕೊಂಡು ಓಡಾಡೋದು, ಚೆಕ್ ಮಾಡೋದು, ಇವೂ ದುಡ್ಡೇ ತಿಂತವೆ, ಅವನ್ನ ನಿಮ್ಮ ಎಸ್ಟಿಮೇಟಲ್ಲಿ ಯಾರೂ ಬರೆಯಲ್ಲ ಅಂತ.

ಓನೋ ಒಂದು ಕೆಲಸ ಮಾಡಿಸ್ತಿದ್ರಂತೆ, ಫ್ಯಾಕ್ಟರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು ಅದರೊಳಗೆ ಇಂಜಿನಿಯರನ್ನ ನಿಲ್ಲಿಸಿ ಸುಮ್ನೆ ನೋಡ್ತಿರು ಅನ್ನೋದು. ನಾನೂ ಒಂದಿನ ಟೀ ಲೋಟ ಹಿಡ್ಕೊಂಡು ಮೂರನೇ ಫ್ಲೋರಿನ ಮೂಲೇಲಿ ಒಂದು ಗಂಟೆ ನಿಂತೆ, ಒಬ್ಬ ಗಾರೆಯವನನ್ನೇ ನೋಡ್ತಾ. ಒಳ್ಳೇ ಕೆಲಸಗಾರ, ಕೈ ಸೋಲಲ್ಲ. ಆದ್ರೆ ಆ ಅರವತ್ತು ನಿಮಿಷದಲ್ಲಿ ಬ್ಲಾಕ್ ಮೇಲೆ ಬ್ಲಾಕ್ ಇಟ್ಟಿದ್ದು, ರಸಮಟ್ಟ ಹಿಡಿದು ನೋಡಿದ್ದು ಎಲ್ಲಾ ಸೇರಿ ಇಪ್ಪತ್ತೆರಡು ನಿಮಿಷ. ಮಿಕ್ಕಿದ್ದು? ಕಲಸಿದ ಸಿಮೆಂಟ್ ಬರ್ಲಿ ಅಂತ ಬಾಂಡ್ಲಿ ತಲೆ ಮೇಲೆ ಹೊತ್ತ ಹೆಣ್ಣುಮಗಳಿಗೆ ಕಾದಿದ್ದು, ಆಯಮ್ಮ ಎರಡು ಫ್ಲೋರ್ ಹತ್ತಿ ಬರಬೇಕು, ಕೆಳಗೆ ನೀರಿನ ಡ್ರಮ್ ಖಾಲಿ. ಬ್ಲಾಕ್ ಬಾಲ್ಕನೀಲಿ ಇದೆ, ಗೋಡೆ ಬೆಡ್‌ರೂಮಲ್ಲಿ. ಹಲಗೆ ಇನ್ನೊಬ್ಬ ತಗೊಂಡು ಹೋಗಿದ್ದ, ಹೋಗಿ ಜಗಳ ಮಾಡಿ ತಂದ. ಆ ಮನುಷ್ಯ ಒಂದು ನಿಮಿಷಾನೂ ಸುಮ್ನೆ ಕೂತಿರ್ಲಿಲ್ಲ, ಬೆವರು ಸುರೀತಿತ್ತು, ಅದನ್ನ ಗಮನಿಸಿ. ದಂಡ ಅಂದ್ರೆ ಬೀಡಿ ಸೇದ್ತಾ ಕೂತಿರೋನಲ್ಲ, ಬೆವರು ಸುರಿಸ್ತಾ ಓಡಾಡೋನು. ಆರು ಇಂಚಿನ ಸಾಲಿಡ್ ಬ್ಲಾಕ್ ಒಂದೊಂದು ಹತ್ತಿರ ಹತ್ತಿರ 25 ಕೆಜಿ. ಸಾವಿರ ಬ್ಲಾಕ್ ಅಂದ್ರೆ 25 ಟನ್ನು. ಲಾರಿಯಿಂದ ಗೇಟಿಗೆ, ಗೇಟಿಂದ ಲಿಫ್ಟ್ ಹತ್ರ, ಅಲ್ಲಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಗೋಡೆಗೆ, ನಾಲ್ಕು ಸಲ ಎತ್ತಿ ಇಳಿಸಿದ್ರೆ ನೂರು ಟನ್ ಆಯ್ತು, ಅದರಲ್ಲಿ ಗೋಡೆ ಆಗಿದ್ದು ಕೊನೇ 25 ಮಾತ್ರ. ಹೆಣ್ಣಾಳುಗಳು ಟಾಯ್ಲೆಟ್ ಹುಡ್ಕೊಂಡು ಸೈಟಿನ ಆಚೆ ತುದಿವರೆಗೂ ಹೋಗ್ಬೇಕಲ್ಲ, ಅದನ್ನೂ ಅದೇ ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಅದನ್ನ ಟೈಮ್ ವೇಸ್ಟ್ ಅಂತ ಮಾತ್ರ ಕರೆಯೋಕೆ ನಂಗೆ ನಾಚಿಕೆ ಆಗುತ್ತೆ, ಆದ್ರೆ ಮ್ಯಾನೇಜ್‌ಮೆಂಟಿಗೆ ಟೈಮ್ ಅಂತ ಹೇಳಿದ್ಮೇಲೇ ಎರಡನೇ ಟಾಯ್ಲೆಟ್ ಬಂದಿದ್ದು.

ಇದನ್ನ ಲೀನ್ ಅನ್ನೋ ಹೆಸರು ಹುಟ್ಟೋಕೆ ಮುಂಚೇನೇ ಮಾಡಿ ತೋರಿಸಿದಾರೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗು, 102 ಫ್ಲೋರು, 1930ರ ಮಾರ್ಚಲ್ಲಿ ಶುರು, 410 ದಿನ, 1931ರ ಮೇ 1ಕ್ಕೆ ಓಪನ್ನು. ಸುತ್ತ ಸಾಮಾನು ಇಡೋಕೆ ಜಾಗವೇ ಇಲ್ಲ, ಊರ ನಡುಮಧ್ಯ. ಒಂದು ಕೋಟಿ ಇಟ್ಟಿಗೆ. ಅವರು ಏನು ಮಾಡಿದ್ರು ಅಂದ್ರೆ, ಲಾರಿಯಿಂದ ಇಟ್ಟಿಗೆ ರಸ್ತೆ ಮೇಲೆ ಸುರೀಲೇ ಇಲ್ಲ, ನೇರ ಬೇಸ್‌ಮೆಂಟಿನ ದೊಡ್ಡ ಹಾಪರಿಗೆ, ಅಲ್ಲಿಂದ ತಳ್ಳೋ ಗಾಡಿಗೆ, ಗಾಡಿ ಲಿಫ್ಟಲ್ಲಿ ಮೇಲೆ, ಮೇಲೆ ಪ್ರತಿ ಫ್ಲೋರಲ್ಲೂ ಪುಟ್ಟ ರೈಲು ಕಂಬಿ ಹಾಕಿದ್ರು, ಗಾಡಿ ಅದರ ಮೇಲೆ ಉರುಳ್ಕೊಂಡು ಗಾರೆಯವನ ಮೊಣಕಾಲ ಹತ್ರ ಬಂದು ನಿಲ್ತಿತ್ತು. ಊಟಕ್ಕೂ ಕೆಳಗೆ ಇಳೀಬೇಕಾಗಿರ್ಲಿಲ್ಲ, ಮೇಲಿನ ಫ್ಲೋರ್‌ಗಳಲ್ಲೇ ಕ್ಯಾಂಟೀನ್ ಇತ್ತು. ಕಂಪ್ಯೂಟರ್ ಇಲ್ಲ, ಸಾಫ್ಟ್‌ವೇರ್ ಇಲ್ಲ.

[ಇಲ್ಲಿ ಒಂದು ಆಟ ಆಡಿಸಿದೆ. ಐದು ಜನರನ್ನ ಸ್ಟೇಜ್ ಮೇಲೆ ಸಾಲಾಗಿ ಕೂರಿಸಿ ಒಬ್ಬೊಬ್ಬರಿಗೆ ಒಂದು ದಾಳ. ಮೊದಲನೆಯವರ ಮುಂದೆ ಹುಣಿಸೆ ಬೀಜದ ರಾಶಿ. ದಾಳದಲ್ಲಿ ಎಷ್ಟು ಬೀಳುತ್ತೋ ಅಷ್ಟು ಬೀಜ ಪಕ್ಕದವರಿಗೆ ದಾಟಿಸಬೇಕು, ಆದ್ರೆ ಮುಂದೆ ಎಷ್ಟಿದೆಯೋ ಅದಕ್ಕಿಂತ ಜಾಸ್ತಿ ದಾಟಿಸೋಕೆ ಆಗಲ್ಲ. ಹತ್ತು ರೌಂಡು.]

ದಾಳದ ಸರಾಸರಿ ಮೂರೂವರೆ. ಹತ್ತು ರೌಂಡಿಗೆ ಮೂವತ್ತೈದು ಬೀಜ ಕೊನೇಲಿ ಹೊರಬೀಳಬೇಕು ಅಂತ ನಮ್ಮ ಲೆಕ್ಕ. ಬಿದ್ದಿದ್ದು ಎಷ್ಟು? ಇಪ್ಪತ್ತಾರು. ಯಾರೂ ಮೋಸ ಮಾಡಿಲ್ಲ, ಯಾರೂ ಸೋಮಾರಿಗಳಲ್ಲ. ಪಕ್ಕದವನಿಗೆ ಆರು ಬಿದ್ದಾಗ ಅವನ ಮುಂದೆ ಎರಡೇ ಬೀಜ ಇತ್ತು, ಆ ಆರರಲ್ಲಿ ನಾಲ್ಕು ದಂಡವಾಯ್ತು. ಬೇರೆ ಟೈಮಲ್ಲಿ ರಾಶಿ ಬಿದ್ದಿತ್ತು, ಆವಾಗ ದಾಳದಲ್ಲಿ ಒಂದು. ಒಬ್ಬನ ಏರುಪೇರು ಮುಂದಿನವನಿಗೆ ನಷ್ಟವಾಗಿ ಮಾತ್ರ ಹೋಗುತ್ತೆ, ಲಾಭವಾಗಿ ಹೋಗೋದು ಕಮ್ಮಿ. ಪ್ಲಾಸ್ಟರಿಂಗ್‌ನವನು ಒಂದು ವಾರ ಭರ್ಜರಿ, ಒಂದು ವಾರ ನಾಪತ್ತೆ ಅಂದ್ರೆ ಟೈಲ್ಸ್‌ನವನು ಬಂದು ಕಾದು ಬೇರೆ ಸೈಟಿಗೆ ಹೋಗ್ತಾನೆ, ಹೋದೋನು ಒಂದು ತಿಂಗಳು ಬರಲ್ಲ. ಅದಕ್ಕೇ ವೇಗ ಆಮೇಲೆ ನೋಡಣ, ಮೊದಲು ಏರುಪೇರು ಕಮ್ಮಿ ಮಾಡಿ. ದಿನಾ ಮೂರು, ನಾಲ್ಕು, ಮೂರು, ನಾಲ್ಕು ಬೀಳೋ ಮೇಸ್ತ್ರಿ, ಒಂದಿನ ಆರು ಒಂದಿನ ಒಂದು ಬೀಳೋ ಮೇಸ್ತ್ರಿಗಿಂತ ಎಷ್ಟೋ ಮೇಲು.

ಇನ್ನೊಂದು ಬಾಯಿ ಲೆಕ್ಕ. ಹತ್ತು ಫ್ಲೋರು, ಫಿನಿಶಿಂಗಲ್ಲಿ ಐದು ಥರದ ಕೆಲಸ, ಒಂದೊಂದಕ್ಕೆ ಫ್ಲೋರಿಗೊಂದು ವಾರ. ಹತ್ತೂ ಫ್ಲೋರ್ ಪ್ಲಾಸ್ಟರಿಂಗ್ ಮುಗೀಲಿ ಆಮೇಲೆ ಮುಂದಿನದು ಅಂತ ಹೋದ್ರೆ 50 ವಾರ. ಒಂದು ಫ್ಲೋರ್ ಪ್ಲಾಸ್ಟರಿಂಗ್ ಆದ ತಕ್ಷಣ ಹಿಂದಿನವರು ಬಂದು, ಅವರ ಹಿಂದೆ ಇನ್ನೊಬ್ಬರು ಬಂದು, ಮೆರವಣಿಗೆ ಥರ ಸಾಲಾಗಿ ಹತ್ತಿದ್ರೆ 14 ವಾರ. ಅದೇ ಜನ, ಅದೇ ಕೆಲಸ. ಪೇಪರ್ ಮೇಲಿನ ಹದಿನಾಲ್ಕು ನೆಲದ ಮೇಲೆ ಹದಿನಾಲ್ಕೇ ಆಗಲ್ಲ, ಪ್ಲಾಸ್ಟರ್ ಒಣಗೋಕೆ ಟೈಮ್ ಬೇಕು, ದಾಳ ಒಂದು ಬೀಳುತ್ತೆ, ನಡುವೆ ಒಂದೊಂದು ಫ್ಲೋರ್ ಖಾಲಿ ಬಿಡ್ಬೇಕು, ಆದ್ರೂ ಐವತ್ತಂತೂ ಆಗಲ್ಲ. ಮೊದಲನೇ ಫ್ಲೋರಲ್ಲೇ ಬಾತ್‌ರೂಮ್ ಸ್ಲೋಪ್ ತಪ್ಪಿದೆ ಅಂತ ಗೊತ್ತಾದ್ರೆ ಒಂಬತ್ತು ಉಳೀತು.

ಸ್ಟಾಕ್ ವಿಷ್ಯ ಬೇಗ ಹೇಳಿ ಮುಗಿಸ್ತೀನಿ. ರೇಟ್ ಏರುತ್ತೆ ಅಂತ ನಾಲ್ಕು ಲೋಡ್ ಸಿಮೆಂಟ್ ಇಳಿಸ್ಕೊಂಡವರು, ಮಳೇಲಿ ಕೆಳಗಿನ ಎರಡು ಸಾಲು ಕಲ್ಲಾದ ಮೇಲೆ ಉಳಿತಾಯದ ಲೆಕ್ಕ ನಂಗೆ ಹೇಳಿ. ಮೂರು ತಿಂಗಳು ಮೀರಿದ್ರೆ ಟೆಸ್ಟ್ ಮಾಡ್ದೆ ಬಳಸೋ ಹಾಗಿಲ್ಲ. ಹಂಗಂತ ಎಲ್ಲಾ ಅವತ್ತಿಗವತ್ತೇ ಬರ್ಲಿ ಅಂತ ಜಪಾನಿನ ಪಾಠ ಒಪ್ಪಿಸೋದೂ ಬೇಡ, ನಮ್ಮ ಎಂ ಸ್ಯಾಂಡ್ ಲಾರಿ ಕ್ರಷರ್ ಸ್ಟ್ರೈಕು, ಸಿಟಿ ಒಳಗೆ ಹಗಲು ಬಿಡಲ್ಲ ಅನ್ನೋದು, ಇದೆಲ್ಲಾ ದಾಟಿ ಬರಬೇಕು. ಅಡ್ಡ ಜಾಸ್ತಿ ಇರೋ ಸಾಮಾನಿಗೆ ಸ್ವಲ್ಪ ಜಾಸ್ತಿ ದಾಸ್ತಾನು, ಅಂಗಡೀಲಿ ಯಾವಾಗ ಬೇಕಾದ್ರೂ ಸಿಗೋದಕ್ಕೆ ಕಮ್ಮಿ, ಬುದ್ಧಿ ಉಪಯೋಗಿಸಿ.

ಈಗ ಕಹಿ ಮಾತು. ನಮ್ಮಲ್ಲೂ ಈ ಲೀನ್ ಬಂದಿದೆ, ಐಐಟಿ ಮದ್ರಾಸಿನಂಥ ಕಡೆ ಇದರ ಮೇಲೆ ಕೆಲಸ ಆಗಿದೆ, 2018ರಲ್ಲಿ ಲೀನ್ ಕನ್‌ಸ್ಟ್ರಕ್ಷನ್‌ನ ಅಂತರರಾಷ್ಟ್ರೀಯ ಸಮ್ಮೇಳನ ಚೆನ್ನೈಯಲ್ಲೇ ಆಯ್ತು. ಆದ್ರೆ ಬಹಳ ಸೈಟಲ್ಲಿ ನಾನು ನೋಡಿದ್ದು ಚೀಟಿ ಮಾತ್ರ. ಗೋಡೆ ತುಂಬಾ ಬಣ್ಣದ ಚೀಟಿ, ವಿಸಿಟರ್ ಬಂದಾಗ ಫೋಟೋ. ಅದಕ್ಕಿಂತ ಕೆಟ್ಟದ್ದು, ವಾರದ ಪರ್ಸೆಂಟೇಜ್ ಲೆಕ್ಕವನ್ನ ಬೆತ್ತ ಮಾಡ್ಕೊಳೋದು. ನಿಂದು 60 ಬಂದಿದೆ, ಪೆನಾಲ್ಟಿ ಹಾಕ್ತೀನಿ ಅಂತ ಒಂದು ಸಲ ಅಂದು ನೋಡಿ, ಮುಂದಿನ ವಾರ ಎಲ್ರದ್ದೂ 95 ಬರುತ್ತೆ, ಬಿಲ್ಡಿಂಗ್ ಮಾತ್ರ ಅಲ್ಲೇ ಇರುತ್ತೆ. ಯಾಕಂದ್ರೆ ಮೇಸ್ತ್ರಿ ಆಗೋ ಸುಲಭದ ಕೆಲಸಾನೇ ಬರೀತಾನೆ, ‘ಸಿಮೆಂಟ್ ಚೀಲ ಜೋಡಿಸೋದು’ ಅಂತ ಒಬ್ಬ ಬರೆದಿದ್ದನ್ನ ನಾನೇ ನೋಡಿದೀನಿ. ಆಗದೆ ಇರೋದಕ್ಕೆ ಕಾರಣ ಹುಡುಕೋಕೆ ಇರೋ ಲೆಕ್ಕ ಅದು, ಕಳ್ಳನ್ನ ಹಿಡಿಯೋಕಲ್ಲ. ನಮ್ಮ ಯಾದಗಿರಿ ಮೇಸ್ತ್ರಿ ಆವತ್ತು ಬೈಸ್ಕೊಂಡಿದ್ರೆ ಮತ್ತೆ ಜನ್ಮದಲ್ಲಿ ಬಾಯಿ ಬಿಡ್ತಿರ್ಲಿಲ್ಲ. ಬೈಸ್ಕೊಳ್ಳಲಿಲ್ಲ ಅಂತ ನೋಡಿದ ಮೇಲೆ ಮುಂದಿನ ಸೋಮವಾರ ಸೆಂಟ್ರಿಂಗ್‌ನವನೂ ಬಾಯಿ ಬಿಟ್ಟ, ಸ್ಲ್ಯಾಬಿಗೆ ಕೆಳಗಿಂದ ಆನಿಸೋ ಜಾಕ್ ಸಾಲಲ್ಲ ಅಂತ, ಅವನು ಎರಡು ವರ್ಷದಿಂದ ನಮ್ಮ ಜೊತೆ ಇದ್ದೋನು, ಜಾಕ್ ಯಾವತ್ತೂ ಸಾಲ್ತಿರ್ಲಿಲ್ಲ, ನಮಗೆ ಅವತ್ತೇ ಗೊತ್ತಾಗಿದ್ದು.

ಪ್ರಶ್ನೆಗಳಲ್ಲಿ ಎರಡು ಮಾತ್ರ ಇಲ್ಲಿ ಹಾಕ್ತೀನಿ.

ಒಬ್ಬರು ಇಂಜಿನಿಯರ್ ಕೇಳಿದ್ರು, ಎರಡು ಫ್ಲೋರಿನ ಮನೆ ಕಟ್ಟೋರಿಗೆ ಇಷ್ಟೆಲ್ಲಾ ಬೇಕಾ ಅಂತ. ಇಷ್ಟೆಲ್ಲಾ ಬೇಡ. ಸೋಮವಾರ ಬೆಳಗ್ಗೆ ಹದಿನೈದು ನಿಮಿಷ, ಮನೆ ಮಾಲೀಕರೂ ಸೇರಿ ಎಲ್ರೂ ನಿಂತ್ಕೊಂಡೇ ಮಾತಾಡಿ, ಕೂತ್ರೆ ಟೀ ಬರುತ್ತೆ. ಗೋಡೆ ಮೇಲೇ ಇದ್ದಲಲ್ಲಿ ಬರೀರಿ, ಪ್ಲಾಸ್ಟರಿಂಗಲ್ಲಿ ಮುಚ್ಚಿ ಹೋಗುತ್ತೆ. ಈ ವಾರ ಏನು, ಅದಕ್ಕೆ ಏನು ಅಡ್ಡ, ಅಡ್ಡ ತೆಗೆಯೋರು ಯಾರು. ಟೈಲ್ಸ್ ಯಾವುದು ಅಂತ ಮಾಲೀಕರು ಯಾವ ತಾರೀಕಿಗೆ ಹೇಳ್ಬೇಕು ಅನ್ನೋದನ್ನೂ ಅದೇ ಗೋಡೇಲಿ ಬರೀರಿ, ಎಷ್ಟೋ ಮನೆ ನಿಂತಿರೋದು ಅಲ್ಲಿ.

ಕೊನೇ ಪ್ರಶ್ನೆ ಹಿಂದಿನ ಸಾಲಿಂದ ಬಂತು, ಬಿಳಿ ಪಂಚೆಯ ವಯಸ್ಸಾದ ಗಾರೆ ಮೇಸ್ತ್ರಿ, ಮೊದಲು ಆಳು ಕಮ್ಮಿ ಮಾಡೋ ಸ್ಕೀಮು ಅಂದಿದ್ದು ಅವರೇ ಇರ್ಬೇಕು ಅಂತ ನನ್ನ ಗುಮಾನಿ. ‘ಅಲ್ಲಾ ಸಾರ್, ನೀವು ಹೇಳ್ದಂಗೆ ನಾವು ಆಗಲ್ಲ ಅಂದ್ಬಿಟ್ರೆ, ನಾಳೆ ನಮ್ಮನ್ನ ಕೆಲ್ಸಕ್ಕೆ ಕರೀತಾರಾ?’

ನಾನು ಉತ್ತರ ಕೊಡೋಕೆ ಹೋಗ್ಲಿಲ್ಲ, ಮುಂದಿನ ಸಾಲಲ್ಲಿ ಕೂತಿದ್ದ ಕಂಟ್ರಾಕ್ಟರ್‌ಗಳ ಕೈಗೆ ಮೈಕ್ ಕೊಟ್ಟೆ. ಒಬ್ಬರಿಂದ ಒಬ್ಬರಿಗೆ ದಾಟ್ತು ಮೈಕು, ಹುಣಿಸೆ ಬೀಜದ ಥರಾನೇ. ಕೊನೆಗೊಬ್ಬರು ಎದ್ದು ನಿಂತು, ‘ಕರೀತೀವಿ ಕಣಪ್ಪ, ಆದ್ರೆ ಆಗಲ್ಲ ಅನ್ನೋದನ್ನ ಸೋಮವಾರ ಹೇಳು, ಶುಕ್ರವಾರ ಸಾಯಂಕಾಲ ಹೇಳ್ಬೇಡ’ ಅಂದ್ರು.

ಮೇಸ್ತ್ರಿ ಕೂರ್ಲಿಲ್ಲ. ‘ಆಯ್ತು ಸಾರ್. ಹಂಗಾದ್ರೆ ನೀವೂ ಶನಿವಾರದ ಬಟವಾಡೆ ಆಗಲ್ಲ ಅನ್ನೋದನ್ನ ಸೋಮವಾರಾನೇ ಹೇಳ್ಬುಡಿ’ ಅಂದ್ರು.